ಹೆಸರು ಹೇಳುವವರು ಇರುವಾಗಲೇ

(ಮನೆಯಲ್ಲಿರುವ ಹಳೆಯ ಭಾವಚಿತ್ರಗಳನ್ನು ತಂದು, ಅವುಗಳ ಹಿಂದಿನ ಕತೆಯನ್ನು ನೆರೆದವರ ಮುಂದೆ ಹೇಳುವ ಕೂಟವೊಂದು ಮಸ್ಕಿಯಲ್ಲಿ ನಡೆಯಿತು. ಅಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ ಇಲ್ಲಿದೆ.)



ನಾನು ಇತಿಹಾಸ ಓದಿಕೊಂಡವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಸುದ್ದಿ ಬರೆಯುವ ಕೆಲಸಕ್ಕೆ ಸೇರಿದವನು. ಸುದ್ದಿಮನೆಯಲ್ಲಿ ಮೊದಲು ಕಲಿಸುವ ಪಾಠ ಒಂದೇ: ಫೋಟೋ ಕೊಟ್ಟರೆ ಅದರ ಕೆಳಗೆ ಹೆಸರು ಕೊಡು. ಎಡದಿಂದ ಬಲಕ್ಕೆ ಯಾರು ಯಾರು ನಿಂತಿದ್ದಾರೆಂದು ಬರೆಯದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮರುದಿನದ ಪುಟಕ್ಕೆ ಹೋಗುವುದಿಲ್ಲ. ಇವತ್ತು ನೀವೆಲ್ಲ ಮನೆಯ ಗೋಡೆಯಿಂದ, ಟ್ರಂಕಿನ ತಳದಿಂದ, ದೇವರ ಕೋಣೆಯಿಂದ ತಂದಿರುವ ಈ ಚಿತ್ರಗಳ ಬಗ್ಗೆ ನನಗೆ ಹೇಳಲಿಕ್ಕಿರುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಮಾತನ್ನು ಮಸ್ಕಿಯಲ್ಲಿ ನಿಂತು ಹೇಳುವಾಗ ಅದಕ್ಕೆ ಬೇರೆಯ ತೂಕ ಬರುತ್ತದೆ. ಏಕೆಂದರೆ ಹೆಸರಿನ ಬೆಲೆ ಏನೆಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟ ಊರು ಇದು.

ಕಲ್ಲು ಹೇಳಿದ ಹೆಸರು

ನಿಮ್ಮೂರಿನ ಗುಡ್ಡದ ಬಂಡೆಯ ಮೇಲಿರುವ ಬ್ರಾಹ್ಮೀ ಬರಹ ನಿಮಗೆಲ್ಲ ಗೊತ್ತು. ಅದು ಏಕೆ ದೊಡ್ಡದು ಎನ್ನುವುದನ್ನು ಮಾತ್ರ ಇನ್ನೊಮ್ಮೆ ನೆನೆಯೋಣ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ, ಉತ್ತರದ ಕಂಬಗಳಲ್ಲಿಯೂ ಬಂಡೆಗಳಲ್ಲಿಯೂ ಮತ್ತೆ ಮತ್ತೆ ಸಿಕ್ಕಿದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಮಾತುಗಳು. ದೇವತೆಗಳಿಗೆ ಪ್ರಿಯನಾದವನು, ಪ್ರೀತಿಯ ನೋಟದವನು. ಇವು ಬಿರುದುಗಳು. ಆದರೆ ಆ ರಾಜ ಯಾರು? ಮೊದಮೊದಲು ಅವನು ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪ್ ಊಹಿಸಿದ್ದುಂಟು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿಯ ಪಾಲಿ ಗ್ರಂಥಗಳನ್ನು ನೋಡಿ, ಅವನು ಮೌರ್ಯ ವಂಶದ ಅಶೋಕನೇ ಎಂದು ಸೂಚಿಸಿದರು. ವಿದ್ವಾಂಸರು ಒಪ್ಪಿಕೊಂಡರು. ಆದರೂ ಆ ದೊರೆಯ ಸ್ವಂತ ಶಾಸನವೊಂದರಲ್ಲಿ ಅವನ ಸ್ವಂತ ಹೆಸರು ಎಲ್ಲಿಯೂ ಕಂಡಿರಲಿಲ್ಲ.

ಹೀಗೆ 78 ವರ್ಷ ಕಳೆದವು. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಆಗಿದ್ದ ಸಿ. ಬೀಡನ್ ಎಂಬುವರು ಮಸ್ಕಿಯ ಬಂಡೆಬರಹವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ಹೈದರಾಬಾದಿನ ಪುರಾತತ್ವ ಮಾಲಿಕೆಯ ಮೊದಲ ಪ್ರಕಟಣೆಯಾಗಿ ಅದು ಹೊರಬಂತು. ಅದರಲ್ಲಿ ಬಿರುದಿನ ಪಕ್ಕದಲ್ಲಿಯೇ ಹೆಸರೂ ಇತ್ತು: 'ದೇವಾನಂಪಿಯಸ ಅಸೋಕಸ'. ಬಿರುದು ಯಾರದು ಎಂಬ ಪ್ರಶ್ನೆಗೆ ಕಲ್ಲೇ ಉತ್ತರ ಕೊಟ್ಟಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, 1970ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳಗಳಲ್ಲಿಯೂ ಅಶೋಕನ ಹೆಸರಿರುವ ಶಾಸನಗಳು ದೊರೆತವು. ಮೊದಲನೆಯದು ಮಾತ್ರ ಮಸ್ಕಿಯದೇ.

ಈ ಶಾಸನದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೀರಿತೆಂದು ದೊರೆ ಹೇಳಿಕೊಳ್ಳುತ್ತಾನೆ. ಧರ್ಮದಿಂದ ಪಡೆಯುವ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ಸಾಧ್ಯ. ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎನ್ನುತ್ತಾನೆ. 'ಹೇಳಬೇಕು' ಎಂಬ ಆ ಮಾತನ್ನು ನೋಡಿ. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಕಲಿಂಗದ ಶಾಸನಗಳಲ್ಲಂತೂ ಇಂತಿಂಥ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ಅಪ್ಪಣೆಯೇ ಇದೆ. ಅಂದರೆ ಕಲ್ಲಿನ ಮೇಲೆ ಕೆತ್ತಿದ ಮಾತೂ ಜನರ ನಡುವೆ ನಿಂತ ಒಬ್ಬನ ಬಾಯಿಂದಲೇ ಊರಿಗೆ ತಲುಪಬೇಕಾಗಿತ್ತು.

ಹೆಸರು ಮತ್ತು ದನಿ ಹೀಗೆ ಮಸ್ಕಿಯಲ್ಲಿ ಸಿಕ್ಕವು. ಮುಖ ಎಲ್ಲಿ? ಅದು ಸಿಕ್ಕಿದ್ದು ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯ ಸನ್ನತಿಯ ಹತ್ತಿರವಿರುವ ಕನಗನಹಳ್ಳಿಯಲ್ಲಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿಯ ಬೌದ್ಧ ಸ್ತೂಪವನ್ನು ಅಗೆದಾಗ ಒಂದು ಶಿಲ್ಪಫಲಕ ಹೊರಬಂತು. ರಾಜ, ಪಕ್ಕದಲ್ಲಿ ರಾಣಿ, ಸುತ್ತ ಪರಿಚಾರಿಕೆಯರು. ಜೊತೆಗೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂಬ ಬರಹ. ಅದು ಅಶೋಕನನ್ನು ಎದುರಿಗೆ ಕೂರಿಸಿಕೊಂಡು ಕಡೆದದ್ದಲ್ಲ, ಅವನ ಕಾಲದ ಎಷ್ಟೋ ತಲೆಮಾರುಗಳ ಮೇಲೆ ಮಾಡಿದ್ದು. ಆದರೂ ಆ ಶಿಲ್ಪಿ ನಮ್ಮ ಸುದ್ದಿಮನೆಯ ಪಾಠವನ್ನು ಬಲ್ಲವನಾಗಿದ್ದ. ಚಿತ್ರ ಮಾಡಿದ, ಹೆಸರು ಬರೆದ. ಆ ಹೆಸರು ಇಲ್ಲದೆ ಹೋಗಿದ್ದರೆ ನಾವಿಂದು ಅದನ್ನು 'ಯಾರೋ ಒಬ್ಬ ಅರಸ' ಎಂದು ವಸ್ತುಸಂಗ್ರಹಾಲಯದ ಚೀಟಿಯಲ್ಲಿ ಬರೆಯಬೇಕಾಗಿತ್ತು.

ಚಕ್ರವರ್ತಿಯ ಪಾಡೇ ಹೀಗಿರುವಾಗ ನಮ್ಮ ನಿಮ್ಮ ಮುತ್ಯಾನ ಪಾಡೇನು?

ಮನೆ ಮುಂದೆ ಬಂದು ಹೇಳಿದವರು

ಹಿರಿಯರ ಹೆಸರನ್ನು ಉಳಿಸುವುದಕ್ಕೆ ನಮ್ಮ ಕಡೆ ಫೋಟೋ ಬರುವುದಕ್ಕಿಂತ ಬಹಳ ಮೊದಲೇ ಒಂದು ಏರ್ಪಾಡಿತ್ತು. ಹೆಳವರು ಎಂದರೆ ನಿಮಗೆ ವಿವರಿಸಬೇಕಾಗಿಲ್ಲ. ಪಟ್ಟಣದಲ್ಲಿ ಬೆಳೆದ ಮಕ್ಕಳಿಗಾಗಿ ಎರಡು ಮಾತು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ, ಗಂಟೆಯ ಸದ್ದಿನೊಂದಿಗೆ ಊರಿಗೆ ಬರುವ ವಂಶಾವಳಿಕಾರರು ಅವರು. ಮನೆಯ ಮುಂದೆ ನಿಂತು ಆ ಮನೆತನದ ಮೂಲ ಊರು ಯಾವುದು, ಬೆಡಗು ಯಾವುದು, ಮನೆದೇವರು ಯಾರು, ಯಾವ ಬರದಲ್ಲಿ ಯಾವ ಊರು ಬಿಟ್ಟು ಎಲ್ಲಿಗೆ ಬಂದರು, ಯಾರ ಮಗ ಯಾರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಕಾಣಿಕೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಕಾಲಿಲ್ಲದ ಹೆಳವನೊಬ್ಬನಿಗೆ ಬಸವಣ್ಣನವರು ಎತ್ತನ್ನು ಕೊಟ್ಟರೆಂದೂ ಅಲ್ಲಿಂದ ಈ ಕುಲ ಬಂತೆಂದೂ ಒಂದು ಐತಿಹ್ಯವಿದೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಹೆಳವರ ಪ್ರಸ್ತಾಪ ಬರುತ್ತದೆ.

ಇದರಲ್ಲಿ ಎರಡು ವಿಶೇಷ ಕಾಣುತ್ತವೆ. ಮೊದಲನೆಯದು, ಹೆಳವರ ಬಳಿ ಪುಸ್ತಕವಿದ್ದರೂ ಅವರು ಪುಸ್ತಕವನ್ನು ಮನೆಯವರ ಕೈಗೆ ಕೊಟ್ಟು ಹೋಗುವುದಿಲ್ಲ. ದನಿಯೆತ್ತಿ ಹೇಳುತ್ತಾರೆ. ಓಣಿಯವರೆಲ್ಲ ಕೇಳುತ್ತಾರೆ. ತಪ್ಪಿದ್ದರೆ ಮನೆಯ ಹಿರಿಯ 'ಹಂಗಲ್ಲ' ಎನ್ನುತ್ತಾನೆ. ಹೀಗೆ ವಂಶದ ಕತೆ ಓಣಿಯ ಎಲ್ಲರ ಸಾಕ್ಷಿಯಲ್ಲಿ ನಡೆಯುವ ಕತೆಯಾಗುತ್ತದೆ. ಎರಡನೆಯದು, ಅವರ ಹೇಳಿಕೆಯಲ್ಲಿ ಊರು ಬಿಟ್ಟು ಬಂದ ಸಂಗತಿ ಸಾಮಾನ್ಯವಾಗಿ ಬಂದೇ ಬರುತ್ತದೆ. ನಾವು ಇಲ್ಲಿಯವರೇ, ಅನಾದಿ ಕಾಲದಿಂದ ಇಲ್ಲೇ ಇದ್ದವರು ಎಂದು ಜಂಬ ಕೊಚ್ಚುವವನ ಮುಂದೆಯೇ ಹೆಳವ ಬಂದು, ಇಲ್ಲಪ್ಪ, ನಿಮ್ಮ ಹಿರೇಕರು ಇಂಥ ಊರಿನಿಂದ ಬಂದವರು ಎನ್ನುತ್ತಾನೆ. ಊರಿನವರಾಗುವುದು ಎಂದರೆ ಎಲ್ಲಿಂದಲೋ ಬಂದು ನೆಲೆ ನಿಲ್ಲುವುದು ಎಂಬ ತಿಳಿವಳಿಕೆ ಅದರಲ್ಲಿದೆ.

ಕೊರತೆಗಳೂ ಇವೆ. ಹೆಳವರಿಗೆ ಗೊತ್ತುಮಾಡಿದ ಒಕ್ಕಲುಗಳಿರುತ್ತವೆ. ಅವರು ಎಲ್ಲ ಮನೆಗಳ ಮುಂದೂ ನಿಲ್ಲುವವರಲ್ಲ. ಹೆಸರು ಬರೆಸಿಕೊಳ್ಳುವ ಭಾಗ್ಯವಿಲ್ಲದ ಕೇರಿಗಳು ನಮ್ಮ ಊರೂರಿನಲ್ಲಿಯೂ ಇದ್ದವು. ಇನ್ನು ವಂಶಾವಳಿ ಹಿಡಿಯುವುದು ಗಂಡು ಸಂತಾನದ ದಾರಿಯನ್ನು. ಅಪ್ಪನ ಅಪ್ಪನ ಅಪ್ಪ ಸಿಗುತ್ತಾನೆ. ಅವ್ವನ ಅವ್ವನ ಅವ್ವ ಸಿಗುವುದು ಕಷ್ಟ.

ಹಾಗೆಯೇ ಈ ಭಾಗದ ಕತೆ ಹೇಳುವ ಬೇರೆ ಪರಂಪರೆಗಳನ್ನೂ ನೆನೆಯಬೇಕು. ಬುರ್ರಕಥಾ ಈರಮ್ಮ ಎಂದೇ ಹೆಸರಾದ ದರೋಜಿಯ ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ರಾತ್ರಿಯಿಡೀ ನಡೆಯುವ ಕಥನಗಳನ್ನು ನೆನಪಿನಿಂದಲೇ ಹಾಡುತ್ತಿದ್ದ ಆ ತಾಯಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಅವರು ತೀರಿಕೊಂಡದ್ದು 2014ರಲ್ಲಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯಾಟದಲ್ಲಿ ಅವರು ಮಾಡಿದ್ದೇನು? ಬೆಳಕಿನ ಮುಂದೆ ಚಿತ್ರ ಹಿಡಿದು, ಅದರ ಕತೆಯನ್ನು ಬಾಯಿಂದ ಹೇಳುವುದು. ಚಿತ್ರ ಮತ್ತು ಮಾತನ್ನು ಒಟ್ಟಿಗೆ ತರುವ ಕಲೆ ನಮಗೆ ಹೊಸದೇನಲ್ಲ ಎಂದು ಹೇಳುವುದಕ್ಕಾಗಿ ಈ ಹೆಸರುಗಳನ್ನು ತೆಗೆದೆ.

ಮುಖ ಬಂತು, ಹೆಸರು ಹೋಯಿತು

ಇನ್ನು ಛಾಯಾಚಿತ್ರದ ಕತೆ. 1839ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ಈ ವಿದ್ಯೆ ಇಪ್ಪತ್ತು ವರ್ಷದೊಳಗೆ ನಮ್ಮ ಸೀಮೆಯ ಬಾಗಿಲಿಗೆ ಬಂದಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಗುಡಿ ಗೋಪುರಗಳ ಚಿತ್ರಗಳನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದರು. ಆ ನೆಗೆಟಿವ್‌ಗಳು ಬಹುಕಾಲ ಕಣ್ಮರೆಯಾಗಿದ್ದು 1980ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಯಾವ ಕಂಬ ಬಿದ್ದಿದೆ, ಯಾವ ಮಂಟಪ ಉಳಿದಿದೆ ಎಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಇತಿಹಾಸಕ್ಕೆ ಇದು ದೊಡ್ಡ ಉಪಕಾರ. ಆದರೆ ಅವು ಕಲ್ಲಿನ ಚಿತ್ರಗಳು, ಜನರವಲ್ಲ.

ಜನರ ಚಿತ್ರ ತೆಗೆದವರೂ ಇದ್ದರು. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಪ್ರಕಟಿಸಿತು. ಅವುಗಳಲ್ಲಿ 400ಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ಅಲ್ಲಿ ಹೆಚ್ಚಿನ ಚಿತ್ರಗಳ ಕೆಳಗೆ ಇರುವುದು ಜಾತಿಯ ಹೆಸರು, ಬುಡಕಟ್ಟಿನ ಹೆಸರು, ಕಸುಬಿನ ಹೆಸರು. ಕ್ಯಾಮೆರಾದ ಮುಂದೆ ಕುಳಿತ ಆ ಮನುಷ್ಯನ ಹೆಸರಿಲ್ಲ. ಆಳುವವರಿಗೆ ಅದು ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಮಾದರಿ. ಆ ಚಿತ್ರದಲ್ಲಿರುವವರ ಮೊಮ್ಮಕ್ಕಳು ಎಲ್ಲಿಯೋ ಇರಬಹುದು. ಪುಸ್ತಕ ಅವರ ಕೈಗೆ ಸಿಕ್ಕರೂ ಇವನು ನಮ್ಮವನು ಎಂದು ಗುರುತಿಸಲು ದಾರಿಯಿಲ್ಲ.

ನಮ್ಮ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್ ದಯಾಳ್ ಅವರ ಹೆಸರು ಕೇಳಿರುತ್ತೀರಿ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ತೆರೆದರು. ಪರದೆಯ ಹೆಂಗಸರು ಬಂದು ಕೂರುವಂತೆ ಸುತ್ತ ಎತ್ತರದ ಗೋಡೆ. ಒಳಗೆ ಚಿತ್ರ ತೆಗೆಯುವ ಮೇಲ್ವಿಚಾರಣೆಯೂ ಹೆಂಗಸಿನದೇ. ಅದು ಶ್ರೀಮಂತರ ಮನೆಯ ಮಾತಾಯಿತು. ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅವ್ವನಿಗೆ ಕ್ಯಾಮೆರಾ ಎದುರಾಗಲು ಇನ್ನೂ ಎರಡು ಮೂರು ತಲೆಮಾರು ಬೇಕಾಯಿತು. ಗಂಡಸರಾದರೂ ಮದುವೆಗೆಂದೋ ಜಾತ್ರೆಗೆಂದೋ ಪಟ್ಟಣದ ಸ್ಟುಡಿಯೋಕ್ಕೆ ಹೋಗಿ, ಬಣ್ಣದ ಪರದೆಯ ಮುಂದೆ ಕೈಗಡಿಯಾರ ಕಾಣುವಂತೆ ಕೈಯಿಟ್ಟು ಕುಳಿತರು. ಎಷ್ಟೋ ಅಜ್ಜಿಯರ ಮೊದಲ ಫೋಟೋ, 1993ರಲ್ಲಿ ಆರಂಭವಾದ ಚುನಾವಣಾ ಗುರುತಿನ ಚೀಟಿಗೆಂದು ಶಾಲೆಯ ಜಗಲಿಯಲ್ಲಿ ಸಾಲು ನಿಲ್ಲಿಸಿ ತೆಗೆದದ್ದು. ಇನ್ನು ಕೆಲವರದು ಉಳಿದಿರುವ ಒಂದೇ ಚಿತ್ರ. ತೀರಿಕೊಂಡ ದಿನ ಗೋಡೆಗೆ ಒರಗಿಸಿ ಕೂರಿಸಿ ತೆಗೆದದ್ದು.

ಫೋಟೋ ಬಂದದ್ದರಿಂದ ಒಂದು ವಿಚಿತ್ರವೂ ಆಯಿತು. ಮುಖ ಉಳಿಯಿತಲ್ಲ, ಇನ್ನು ಮರೆಯುವುದಿಲ್ಲ ಎಂಬ ಧೈರ್ಯ ಬಂತು. ಹೆಸರು ಹೇಳುವುದನ್ನು ಬಿಟ್ಟೆವು. ಗೋಡೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕುಳಿತ ಮುತ್ಯಾನ ಹೆಸರೇನೆಂದು ಮನೆಯ ಹುಡುಗನನ್ನು ಕೇಳಿ. ಅಪ್ಪನ ಮುತ್ಯಾ ಅಂತಾನೆ. ಹೆಸರು? ಅವ್ವನ್ನ ಕೇಳಬೇಕ್ರಿ ಅಂತಾನೆ. ಅವ್ವನಿಗೆ ಗೊತ್ತಿರುವುದು ಅರ್ಧ. ಹಿಂದೆ ಮುಖ ಕಾಣದ ಹೆಸರುಗಳನ್ನು ಹೆಳವ ಹೇಳುತ್ತಿದ್ದ. ಈಗ ಹೆಸರು ತಿಳಿಯದ ಮುಖಗಳು ಗೋಡೆ ತುಂಬ ಇವೆ. ಫೋನಿನಲ್ಲಿ ಸಾವಿರ ಚಿತ್ರಗಳಿರುವ ನಮ್ಮ ತಲೆಮಾರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆ ಫೋನು ನೀರಿಗೆ ಬಿದ್ದ ದಿನ ಮುಖವೂ ಹೋಗುತ್ತದೆ.

ಯಾರು ಇಲ್ಲಿಯವರು?

ಈ ಮಾತು ನಮ್ಮ ಮೂರು ತಾಲ್ಲೂಕುಗಳಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ಬರ ಬಿದ್ದ ವರ್ಷ ಗುಳೆ ಹೋಗುವ ನೆಲ ನಮ್ಮದು. ಬೆಂಗಳೂರು, ಪುಣೆ, ಗೋವಾಗಳ ಕಟ್ಟಡದ ಕೆಲಸಕ್ಕೆ ಹೋದವರ ಮಕ್ಕಳು ಅಲ್ಲಿಯೇ ಬೆಳೆಯುತ್ತಾರೆ. ಬೀಗ ಹಾಕಿದ ಮನೆಯ ಗೋಡೆಯ ಮೇಲೆ ಫೋಟೋ ಉಳಿಯುತ್ತದೆ. ಮಾಳಿಗೆ ಸೋರಿದರೆ ಅದೂ ಹೋಗುತ್ತದೆ.

ಹೋಗುವವರ ಜೊತೆಗೆ ಬಂದವರೂ ಇದ್ದಾರೆ. 1953ರಲ್ಲಿ ತುಂಗಭದ್ರೆಯ ನೀರು ನಿಂತು ಎಡದಂಡೆ ಕಾಲುವೆಗೆ ಹರಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದರು. ಭತ್ತದ ಗದ್ದೆಗಳ ನಡುವೆ ಅವರು ಕಟ್ಟಿಕೊಂಡ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಎಂದೇ ಹೆಸರು. 1971ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಅರ್ಧ ಶತಮಾನ ಕಳೆದರೂ ಅಲ್ಲಿಯ ಅನೇಕರು, ನಾವು ಈ ದೇಶದವರು ಎಂದು ಹೇಳುವ ಕಾಗದಕ್ಕಾಗಿ ಅಲೆದರು. ಕೆಲವರಿಗೆ ಪೌರತ್ವದ ಪತ್ರ ಕೈಗೆ ಬಂದದ್ದು 2024ರಲ್ಲಿ. ಅವರ ಮೂಲ ಊರು ಗಡಿಯ ಆಚೆ. ಅವರ ಮನೆ ಮುಂದೆ ನಿಂತು ವಂಶಾವಳಿ ಹೇಳಲು ಯಾವ ಹೆಳವನೂ ಬರಲಾರ. ಒಂದು ಹಳೆಯ ಚಿತ್ರ, ಅದನ್ನು ನೋಡಿ ಇದು ನಮ್ಮ ನದಿ, ಇದು ನಮ್ಮ ಅಂಗಳ ಎನ್ನುವ ಒಬ್ಬ ಮುದುಕಿ, ಅಷ್ಟೇ ಅವರ ಪರಂಪರೆ.

ಮಸ್ಕಿಯ ಮಣ್ಣೇ ಈ ಮಾತಿಗೆ ಸಾಕ್ಷಿ ಹೇಳುತ್ತದೆ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ಮಾಡಿದಾಗ ಒಂದರ ಮೇಲೊಂದು ಪದರಗಳು ಕಂಡವು: ಕಲ್ಲಿನ ಉಪಕರಣಗಳ ಜೊತೆ ತಾಮ್ರವನ್ನೂ ಬಳಸಿದವರು, ಬೃಹತ್ ಶಿಲಾಸಮಾಧಿ ಕಟ್ಟಿದವರು, ಆದಿ ಇತಿಹಾಸ ಕಾಲದವರು, ಮಧ್ಯಯುಗದವರು. ಅಶೋಕನ ಬರಹ ಬರುವ ಮೊದಲೇ ಇಲ್ಲಿ ಜನವಿದ್ದರು, ಆಮೇಲೂ ಬಂದರು. ಯಾವ ಪದರವನ್ನು ತೋರಿಸಿ ಇವರು ಮಾತ್ರ ಇಲ್ಲಿಯವರು ಎನ್ನೋಣ?

ಒಟ್ಟಿಗೆ ಕೂತು ಹೇಳುವುದು

ಆದ್ದರಿಂದಲೇ ಇಂದಿನಂಥ ಕೂಟ ನನಗೆ ಮುಖ್ಯವೆನಿಸುತ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಗುಡಿಯ ಕಟ್ಟೆ, ದರ್ಗಾದ ಅಂಗಳ, ಶಾಲೆಯ ಕೋಣೆ ಯಾವುದಾದರೂ ಸಾಕು. ಚಿತ್ರಗಳನ್ನು ಸಾಲಾಗಿ ಇಡಿ, ಇಲ್ಲವೇ ದೊಡ್ಡದಾಗಿ ಕಾಣುವಂತೆ ಪರದೆಯ ಮೇಲೆ ಹಾಕಿ. ತಂದವರು ಎದ್ದು ನಿಂತು ಹೇಳಲಿ. ಹೇಳುವಾಗ ಫೋನಿನಲ್ಲಿ ದನಿಯನ್ನು ಹಿಡಿದಿಟ್ಟುಕೊಳ್ಳಿ.

ಇಂಥದೊಂದು ಕೂಟದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹುಡುಗನೊಬ್ಬ ಐದು ಜನ ನಿಂತ ಒಂದು ಚಿತ್ರ ತಂದಿದ್ದ. ನಡುವೆ ನಿಂತವರು ನಮ್ಮ ಮುತ್ಯಾ ಎಂದು ಹೇಳಿ ಕೂರಲು ಹೊರಟ. ಹಿಂದಿನ ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬರು, ಅವರ ವಯಸ್ಸು ಎಂಬತ್ತರ ಮೇಲಿರಬೇಕು, ಹತ್ತಿರ ಬಂದು ನೋಡಿದರು. 'ತಮ್ಮಾ, ಇವರು ನಿಮ್ಮ ಮುತ್ಯಾ ಅಲ್ಲ. ನಿಮ್ಮ ಮುತ್ಯಾನ ಜೀವದ ಗೆಳೆಯ. ನಿಮ್ಮ ಮುತ್ಯಾ ತುದಿಗೆ ನಿಂತಾನಲ್ಲ, ತಲಿ ಮ್ಯಾಲೆ ಟೊಪಗಿ ಹಾಕ್ಕೊಂಡು, ಅವನು' ಎಂದರು. ಆ ಗೆಳೆಯ ಬೇರೆ ಧರ್ಮದವರು. ಬರದ ವರ್ಷ ಎರಡೂ ಮನೆಯವರು ಒಂದೇ ಬಾವಿಯ ನೀರು ಹಂಚಿಕೊಂಡದ್ದನ್ನು ಅವರು ಹೇಳಿದರು. ಆ ಹುಡುಗ ಅಷ್ಟು ವರ್ಷ ಪೂಜಿಸಿದ್ದು ಗೆಳೆಯನ ಮುಖವನ್ನು. ಯಾರೂ ನಗಲಿಲ್ಲ. ಆ ಒಂದು ಮಾತು ಹೇಳಲು ಅವರೊಬ್ಬರೇ ಉಳಿದಿದ್ದರು. ಒಂದು ವರ್ಷ ತಡವಾಗಿದ್ದರೆ ಆ ಚಿತ್ರ ತಪ್ಪು ಹೆಸರಿನಲ್ಲಿಯೇ ಮುಂದಿನ ತಲೆಮಾರಿಗೆ ಹೋಗುತ್ತಿತ್ತು.

ಕೇಳುವವರು ಹೇಗೆ ಕೇಳಬೇಕೆಂಬುದೂ ಮುಖ್ಯ. 'ನಿಮ್ಮ ಜೀವನದ ಬಗ್ಗೆ ಹೇಳಿ' ಎಂದರೆ ಹಿರಿಯರು ಏನು ಹೇಳಲಿ ಎನ್ನುತ್ತಾರೆ. ಚಿತ್ರ ತೋರಿಸಿ ಸಣ್ಣ ಪ್ರಶ್ನೆ ಕೇಳಿ. ಈ ಸೀರೆ ಯಾರು ತಂದದ್ದು? ಇದು ಯಾವ ಜಾತ್ರೆ? ಹಿಂದೆ ಕಾಣುವ ಗೋಡೆ ಯಾವ ಮನೆಯದು? ತುದಿಗೆ ನಿಂತ ಹುಡುಗಿ ಯಾರು, ಯಾವ ಊರಿಗೆ ಕೊಟ್ಟರು? ಒಬ್ಬರು ಶುರುಮಾಡಿದರೆ ಇನ್ನೊಬ್ಬರು ಕೂಡಿಸುತ್ತಾರೆ. ಮನೆಯಲ್ಲಿ ಒಬ್ಬರೇ ಕುಳಿತು ಆಲ್ಬಮ್ ತಿರುವಿದರೆ ಇದು ಆಗುವುದಿಲ್ಲ.

ಚಿತ್ರದ ಹಿಂಬದಿಯನ್ನೂ ನೋಡಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಅಲ್ಲಿ ಆಡಳಿತ, ಶಾಲೆಯ ಓದು ಹೆಚ್ಚಾಗಿ ಉರ್ದುವಿನಲ್ಲಿ. ನಿಮ್ಮ ಮುತ್ಯಾ ಕನ್ನಡ ಮಾತಾಡಿದರೂ ಬರೆದದ್ದು ಉರ್ದುವಿನಲ್ಲಿರಬಹುದು. ಓಣಿಯ ಉರ್ದು ಬಲ್ಲ ಹಿರಿಯರನ್ನು ಕರೆದು ಓದಿಸಿ. ಇಸವಿಯ ಜಾಗದಲ್ಲಿ 1350 ಎಂದಿದ್ದರೆ ಗಾಬರಿಯಾಗಬೇಡಿ, ಅದು ಫಸಲಿ ವರ್ಷ. 590 ಕೂಡಿಸಿ, 1940-41 ಎಂದು ತಿಳಿಯುತ್ತದೆ. ಹಳೆಯ ಜಮೀನಿನ ಕಾಗದಗಳಿಗೂ ಇದೇ ಲೆಕ್ಕ.

ಎಚ್ಚರದ ಮಾತು

ಬಾಯಿಮಾತಿನ ಕತೆಯೆಲ್ಲ ನಿಜವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಕಪ್ಪು ಜನಾಂಗದ ಲೇಖಕ ಅಲೆಕ್ಸ್ ಹೇಲಿ, ಗುಲಾಮರಾಗಿ ಮಾರಾಟವಾದ ತಮ್ಮ ಹಿರಿಯರ ಬೇರು ಹುಡುಕುತ್ತ ಆಫ್ರಿಕಾದ ಗ್ಯಾಂಬಿಯಾದ ಜುಫುರೆ ಎಂಬ ಹಳ್ಳಿಗೆ ಹೋದರು. ಪಶ್ಚಿಮ ಆಫ್ರಿಕಾದಲ್ಲಿ ನಮ್ಮ ಹೆಳವರಂತೆಯೇ ವಂಶಾವಳಿ ಹೇಳುವ ಗ್ರಿಯೋಗಳಿದ್ದಾರೆ. ಅಲ್ಲಿ ಕೇಳಿದ ಕತೆಯ ಆಧಾರದ ಮೇಲೆ ಹೇಲಿ 1976ರಲ್ಲಿ 'ರೂಟ್ಸ್' ಪುಸ್ತಕ ಬರೆದರು. ಜಗತ್ತೇ ಓದಿತು. ಬೇರು ಕಡಿದುಕೊಂಡ ಲಕ್ಷಾಂತರ ಜನರಿಗೆ ಅದು ಧೈರ್ಯ ಕೊಟ್ಟಿತು. ಆದರೆ ಮರುವರ್ಷವೇ ವಿಚಾರಿಸಿದ ಪತ್ರಕರ್ತರಿಗೆ, ಕತೆ ಹೇಳಿದವನು ಬಂದವರು ಏನು ಕೇಳಬಯಸುತ್ತಾರೆಂದು ಮೊದಲೇ ಅರಿತಿದ್ದನೆಂಬ ಅನುಮಾನ ಬಂತು. ಆ ಪುಸ್ತಕದ ವಂಶಾವಳಿಯ ಬಗ್ಗೆ ಸಂಶೋಧಕರ ಆಕ್ಷೇಪಣೆಗಳು ಹಾಗೆಯೇ ಉಳಿದಿವೆ. ಕೇಳುವವರಿಗೆ ಹಿತವಾದದ್ದನ್ನು ಹೇಳುವ ಚಪಲ ಎಲ್ಲ ಕಡೆಯೂ ಇದೆ. ಕಾಣಿಕೆ ಹೆಚ್ಚು ಕೊಟ್ಟ ಮನೆಗೆ ರಾಜವಂಶದ ನಂಟು ಅಂಟಿಸುವವರು ನಮ್ಮಲ್ಲಿಯೂ ಸಿಗುತ್ತಾರೆ.

ಅದಕ್ಕೆ ಮದ್ದು ಇಷ್ಟೇ. ಒಂದು ಕತೆಯನ್ನು ಇಬ್ಬರ ಬಾಯಿಂದ ಕೇಳಿ. ಕಾಗದವಿದ್ದರೆ ಹೊಂದಿಸಿ ನೋಡಿ. ಯಾರು ಹೇಳಿದ್ದು, ಯಾವ ದಿನ ಹೇಳಿದ್ದು ಎಂದು ಬರೆದಿಡಿ. ಎರಡು ಕತೆ ಹೊಂದದಿದ್ದರೆ ಎರಡನ್ನೂ ಬರೆಯಿರಿ. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು ಓಡಿದ ನೆನಪು ಒಂದು ಓಣಿಯಲ್ಲಿರುತ್ತದೆ. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮನೆಯವರನ್ನು ಕಳೆದುಕೊಂಡ ನೆನಪು ಪಕ್ಕದ ಓಣಿಯಲ್ಲಿರುತ್ತದೆ. ಎರಡೂ ಇದೇ ನೆಲದ ನೆನಪುಗಳು. ಒಂದನ್ನು ಹೇಳಿಸಿ ಇನ್ನೊಂದರ ಬಾಯಿ ಮುಚ್ಚಿಸಿದರೆ ಈ ಕೂಟ ಜಗಳದ ಕಟ್ಟೆಯಾಗುತ್ತದೆ.

ವಂಶದ ಹೆಮ್ಮೆ ಇನ್ನೊಬ್ಬರನ್ನು ಕೀಳು ಮಾಡುವ ಆಯುಧವೂ ಆಗಬಾರದು. ನಮ್ಮಲ್ಲಿ ಹೆಸರು ಬರೆಸಿಕೊಳ್ಳದ ಮನೆಗಳ ಚಿತ್ರಗಳು ಮೊದಲು ಬರಲಿ. ಮನೆಯ ಹೆಣ್ಣುಮಕ್ಕಳ ಸಾಲು ಮೊದಲು ಬರೆಯಲಿ: ಅವ್ವ, ಅವ್ವನ ಅವ್ವ, ಅವರ ತವರೂರು. ಫೋಟೋವೇ ಇಲ್ಲದವರು ಅವರ ಬಳೆ, ಕುಡುಗೋಲು, ಕೌದಿ ಏನಿದೆಯೋ ಅದರ ಚಿತ್ರ ತೆಗೆದು ಅದರ ಪಕ್ಕದಲ್ಲಿ ಹೆಸರು ಬರೆಯಲಿ. ಕೊನೆಯ ಮಾತು, ಯಾರದೋ ಮನೆಯ ಚಿತ್ರವನ್ನು, ದುಃಖದ ಕತೆಯನ್ನು, ಅವರನ್ನು ಕೇಳದೆ ವಾಟ್ಸ್‌ಆ್ಯಪಿನಲ್ಲಿ ಹಂಚಬೇಡಿ.

ಮನೆಗೆ ಹೋಗಿ ಮಾಡಬೇಕಾದ್ದು

ಕೆಲವು ಸರಳ ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ಹಳೆಯ ಕಪ್ಪು-ಬಿಳುಪು ಚಿತ್ರಗಳು ಗಟ್ಟಿ ಜೀವ, ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. 1970-80ರ ದಶಕದ ಬಣ್ಣದ ಚಿತ್ರಗಳು ಕೆಂಪಗಾಗುತ್ತ ಮಾಸುತ್ತಿವೆ. ಮೊದಲು ಅವುಗಳ ಪ್ರತಿ ತೆಗೆಯಿರಿ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಮೇಲಿನಿಂದಲೇ, ಕಿಟಕಿಯ ಬೆಳಕಿನಲ್ಲಿ, ಹೊಳಪು ಬೀಳದಂತೆ ಓರೆಯಾಗಿ ನಿಂತು ಫೋನಿನಲ್ಲಿ ತೆಗೆದುಕೊಳ್ಳಿ. ಅಂಟು ಹಾಳೆಯ ಆಲ್ಬಮ್‌ಗಳು ಚಿತ್ರಕ್ಕೆ ಶತ್ರು. ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ಬಿಡಿಸಲಾಗದು. ಒಲೆಯ ಹೊಗೆ, ಮಾಳಿಗೆಯ ಸೋರಿಕೆ, ತಗಡಿನ ಕೆಳಗಿನ ಕಾವು ಇವುಗಳಿಂದ ದೂರವಿಡಿ. ಹಿಂಬದಿಯಲ್ಲಿ ಬರೆಯುವಾಗ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಭಾಗದಲ್ಲಿ ಮೂಡುತ್ತದೆ, ಶಾಯಿ ಹರಡುತ್ತದೆ.

ಏನು ಬರೆಯಬೇಕು? ಎಡದಿಂದ ಬಲಕ್ಕೆ ಹೆಸರು. ಊರು. ವರ್ಷ, ಖಚಿತವಿಲ್ಲದಿದ್ದರೆ 'ಸುಮಾರು'. ಹೇಳಿದವರ ಹೆಸರು. ನಾಲ್ಕು ಸಾಲು ಸಾಕು. ಅದೇ ವಿವರವನ್ನು ಒಂದು ನೋಟ್‌ಬುಕ್ಕಿನಲ್ಲಿಯೂ ಬರೆದು, ಗುಳೆ ಹೋದ ಅಣ್ಣತಮ್ಮಂದಿರಿಗೂ ಕೊಟ್ಟ ಊರಿನ ಅಕ್ಕತಂಗಿಯರಿಗೂ ಒಂದೊಂದು ಪ್ರತಿ ಕಳಿಸಿ. ಒಂದು ಮನೆಯ ಮಾಳಿಗೆ ಸೋರಿದರೂ ಇನ್ನೊಂದು ಮನೆಯಲ್ಲಿ ಉಳಿದಿರುತ್ತದೆ.

ನಿಮ್ಮೂರಿನ ಬಂಡೆ ಒಂದು ಹೆಸರನ್ನು ಎರಡು ಸಾವಿರ ವರ್ಷಕ್ಕೂ ಮೀರಿ ಕಾಪಾಡಿಕೊಂಡು ಬಂದಿದೆ. ಅದಕ್ಕೆ ಅವಸರವಿರಲಿಲ್ಲ. ಓದುವವರು ಬರುವವರೆಗೆ ಕಲ್ಲು ಕಾದಿತು. ನಿಮ್ಮ ಮನೆಯ ಜಗಲಿಯ ಮೇಲೆ ಕುಳಿತಿರುವ ಅಜ್ಜಿ ಕಲ್ಲಲ್ಲ. ಅವರು ಹಾಗೆ ಕಾಯಲಾರರು. ಇವತ್ತು ಸಂಜೆ ಊಟಕ್ಕೆ ಕೂರುವ ಮೊದಲು ಒಂದೇ ಒಂದು ಚಿತ್ರವನ್ನು ಅವರ ಕೈಗೆ ಕೊಟ್ಟು, ಇವರು ಯಾರು ಎಂದು ಕೇಳಿ. ಕೈಯಲ್ಲಿ ಪೆನ್ಸಿಲ್ ಇರಲಿ.